ಮೊದಲು ಕೂರಿಗಿ, ಆಮೇಲೆ ಶಿಲ್ಪ

ಮಗಳೇ,

ನೀನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಸ್ಕೆಚ್ಚುಗಳನ್ನೆಲ್ಲ ನೋಡಿದೆ. ಒಂದು ಅಮೂರ್ತ ಶಿಲ್ಪಕ್ಕೆ ಬೇಕಾದ ಅಧ್ಯಯನ ಮಾಡಿ, ವಿನ್ಯಾಸ ತಯಾರಿಸಿ, ನಡೆದ ದಾರಿಯನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕೆಂದು ಕಾಲೇಜಿನಲ್ಲಿ ಹೇಳಿದ್ದಾರೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀಯ. ನಮ್ಮ ಸತ್ತಿ ಊರಿನ ಹುಡುಗಿಯೊಬ್ಬಳು ಕಲ್ಲು, ಕಬ್ಬಿಣದ ಕೆಲಸಕ್ಕೆ ಕೈಹಾಕಿದ್ದು ನನಗೆ ಬಹಳ ಹಿಗ್ಗಿನ ಸಂಗತಿ. ಹೈಸ್ಕೂಲಿನಲ್ಲಿ ನಿನ್ನನ್ನು ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷೆಗೆ ಕೂಡಿಸಿದ ಮಾಸ್ತರ ನಾನು. ಆ ಸಲಿಗೆಯಿಂದ ಉಳಿದವರು ಹೇಳಲಾರದ್ದನ್ನೂ ಹೇಳುತ್ತೇನೆ, ಬೇಜಾರಾಗಬೇಡ.

ಕೈ ಚೆನ್ನಾಗಿ ಪಳಗಿದೆ. ಗೆರೆಯಲ್ಲಿ ಅಂಜಿಕೆ ಇಲ್ಲ. ಆದರೆ ತಿರುಚಿದ ರಿಬ್ಬನ್ನು, ನಡುವೆ ತೂತಿರುವ ಮೊಟ್ಟೆ, ಒಂದರೊಳಗೊಂದು ಸಿಕ್ಕಿಸಿದ ಬಳೆ, ಇವೆಲ್ಲ ಮೊಬೈಲಿನಲ್ಲಿ ‘ಅಬ್‌ಸ್ಟ್ರ್ಯಾಕ್ಟ್ ಸ್ಕಲ್ಪ್ಚರ್’ ಎಂದು ಹುಡುಕಿದ ಯಾರಿಗಾದರೂ ಸಿಗುವ ಆಕಾರಗಳು. ಅವುಗಳ ಕೆಳಗೆ ‘ಮಣ್ಣು ಮತ್ತು ಮನುಷ್ಯನ ಅನುಬಂಧ’ ಎಂದು ಬರೆದಿದ್ದೀಯ. ಅದನ್ನು ಅಳಿಸಿ ‘ತಾಯ್ತನ’ ಎಂದು ಬರೆ, ‘ವಿಶ್ವಶಾಂತಿ’ ಎಂದು ಬರೆ; ಆ ಆಕಾರಗಳು ಯಾವುದಕ್ಕೂ ಒಲ್ಲೆ ಅನ್ನುವುದಿಲ್ಲ. ನನಗೆ ಚಿಂತೆ ಹಚ್ಚಿದ್ದು ಇದೇ. ಯಾವ ಹೆಸರಿಟ್ಟರೂ ಹೊಂದುವ ಆಕಾರ ಯಾವುದರಿಂದಲೂ ಹುಟ್ಟಿದ್ದಲ್ಲ.

ಅಮೂರ್ತ ಶಿಲ್ಪ ಮಾಡುವವರು ವಸ್ತುವಿನ ಗೊಡವೆಯೇ ಬೇಡವೆಂದು ಬಿಟ್ಟವರು ಎಂಬ ತಿಳಿವಳಿಕೆ ಜನರಲ್ಲಿದೆ, ಕಲಿಯುವವರಲ್ಲೂ ಇದೆ. ನಾನು ಕಂಡಂತೆ ಅದು ತಿರುವುಮುರುವು. ಒಂದು ವಸ್ತುವನ್ನು ಬೇರಿನಿಂದ ತುದಿಯವರೆಗೆ ತಿಳಿದುಕೊಂಡವರು ಮಾತ್ರ ಅದರಿಂದ ಏನನ್ನು ತೆಗೆಯಬಹುದು, ಏನನ್ನು ಮುಟ್ಟಬಾರದು ಎಂದು ಹೇಳಬಲ್ಲರು. ಗೊತ್ತಿಲ್ಲದ್ದನ್ನು ಬಿಡುವುದು ಬೇರೆ, ಗೊತ್ತಿದ್ದು ಬಿಡುವುದು ಬೇರೆ. ನೋಡುವವರಿಗೆ ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಲು ಬರಲಿಕ್ಕಿಲ್ಲ, ಆದರೆ ಅದು ಮನಸ್ಸಿಗೆ ತಟ್ಟುತ್ತದೆ.

ಬ್ರಾಂಕುಸಿಯ ಹೆಸರನ್ನು ತರಗತಿಯಲ್ಲಿ ಕೇಳಿರುತ್ತೀಯ. ರುಮೇನಿಯದ ಹೊಬಿತ್ಸಾ ಎಂಬ ಸಣ್ಣ ಹಳ್ಳಿಯ ರೈತರ ಮಗ. 1910ರ ಸುಮಾರಿಗೆ ತನ್ನ ನಾಡಿನ ಜನಪದ ಕತೆಯ ಮಾಯದ ಹಕ್ಕಿಯನ್ನು ಕೆತ್ತಿದ. ಅದಕ್ಕೆ ಎದೆಯಿತ್ತು, ಕೊಕ್ಕಿತ್ತು, ಕಾಲಿತ್ತು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಅದೇ ಹಕ್ಕಿಯ ಬೆನ್ನು ಹತ್ತಿ, ಒಂದೊಂದನ್ನೇ ಕಳಚುತ್ತ, 1920ರ ದಶಕದಲ್ಲಿ ‘ಬರ್ಡ್ ಇನ್ ಸ್ಪೇಸ್’ಗೆ ಬಂದು ಮುಟ್ಟಿದ. ಅಷ್ಟೊತ್ತಿಗೆ ರೆಕ್ಕೆ, ಕಾಲು, ಕೊಕ್ಕು ಯಾವುದೂ ಉಳಿದಿರಲಿಲ್ಲ. ಮೇಲಕ್ಕೆ ಏರುವುದೊಂದೇ ಉಳಿದಿತ್ತು. ನೀನು ಪುಸ್ತಕದಲ್ಲಿ ಕೊನೆಯ ಹಕ್ಕಿಯ ಚಿತ್ರ ನೋಡಿ ಅಲ್ಲಿಂದ ಶುರು ಮಾಡಲು ಹೊರಟಿದ್ದೀಯ. ಮೊದಲಿನ ಹಕ್ಕಿಗಳನ್ನೂ ಸಾಲಾಗಿ ಇಟ್ಟುಕೊಂಡು ನೋಡು. ಪ್ರತಿ ಹೆಜ್ಜೆಗೆ ಏನು ಹೋಯಿತು, ಯಾಕೆ ಹೋಯಿತು ಎಂದು ಪಕ್ಕದಲ್ಲಿ ಬರೆ. ನಿನ್ನ ಅಧ್ಯಯನದ ಮೊದಲನೆಯ ಪುಟ ಅದಾಗಲಿ.

ಎರಡನೆಯ ಪುಟಕ್ಕೆ ನೀನು ಊರಿಗೇ ಬರಬೇಕು.

ನಿಮ್ಮ ದನದ ಕೊಟ್ಟಿಗೆಯ ಅಟ್ಟದ ಮೇಲೆ ಬೀಜ ಬಿತ್ತುವ ಒಂದು ಕೂರಿಗಿ ಇದೆ. ಹೊಳಿ ದಂಡೆಯ ಹೊಲಕ್ಕೆಲ್ಲ ಕಬ್ಬು ಬಂದು, ಉಳಿದ ಹೊಲಕ್ಕೆ ಟ್ರ್ಯಾಕ್ಟರಿನ ಕೂರಿಗಿ ಬಂದ ಮೇಲೆ ಅದನ್ನು ಯಾರೂ ಕೆಳಗಿಳಿಸಿಲ್ಲ. ಮಣ್ಣು ಮತ್ತು ಮನುಷ್ಯನ ಅನುಬಂಧ ಬೇಕೆಂದರೆ ಅದು ಅಲ್ಲಿದೆ, ಧೂಳು ಹಿಡಿದು ಕೂತಿದೆ. ಇಬ್ಬರು ಸೇರಿ ಅದನ್ನು ಕೆಳಗಿಳಿಸಿ, ಒರೆಸಿ, ಅಂಗಳದಲ್ಲಿ ನಿಲ್ಲಿಸಿರಿ. ಫೋಟೊ ಹೊಡೆಯಲು ಅವಸರ ಮಾಡಬೇಡ. ಟೇಪು ಹಿಡಿದು ಅಳೆ. ಅಡ್ಡ ದಿಂಡಿನ ಉದ್ದ ಎಷ್ಟು, ದಪ್ಪ ಎಷ್ಟು? ದಿಂಡಿನಿಂದ ನೆಲಕ್ಕಿಳಿಯುವ ತಾಳುಗಳು ಎಷ್ಟು, ಒಂದರಿಂದ ಒಂದಕ್ಕೆ ಅಂತರ ಎಷ್ಟು? ಜೋಳ ಬಿತ್ತುವ ಕೂರಿಗಿಯಾದರೆ ಆ ಅಂತರ ಹೆಚ್ಚುಕಡಿಮೆ ಒಂದು ಮೊಳ ಇರುತ್ತದೆ. ಬೆಳೆ ಬದಲಾದರೆ ಅದೂ ಬದಲು. ತಾಳು ನೆಟ್ಟಗೆ ಇಳಿದಿಲ್ಲ, ಮುಂದಕ್ಕೆ ಬಾಗಿದೆ. ಎಷ್ಟು ಬಾಗಿದೆ ಎಂದು ಕೋನಮಾಪಕ ಇಟ್ಟು ನೋಡು. ತುದಿಯ ಕಬ್ಬಿಣದ ಕುಡ ಸವೆದಿರುತ್ತದೆ. ಯಾವ ಬದಿಗೆ ಹೆಚ್ಚು ಸವೆದಿದೆ? ಸವೆತವನ್ನು ಬರೆಯದೆ ಬಿಡಬೇಡ, ಅದು ನೆಲ ಕೆತ್ತಿದ ಭಾಗ.

ಇನ್ನು ಮೇಲಿನ ಮರದ ಬಟ್ಟಲು. ಅದರ ತಳದಲ್ಲಿ ತಾಳಿಗೊಂದರಂತೆ ತೂತು. ಪ್ರತಿ ತೂತಿನಿಂದ ಒಂದು ಬಿದಿರಿನ ಕೊಳವೆ ಇಳಿದು ತಾಳಿನ ಬೆನ್ನಿಗೆ ಸೇರುತ್ತದೆ. ಮೇಲೆ ಒಟ್ಟಾಗಿರುವ ಕೊಳವೆಗಳು ಕೆಳಗಿಳಿಯುತ್ತ ಅಗಲಕ್ಕೆ ಹರಡುತ್ತವೆ. ನಿಮ್ಮ ಆಯಿ ತಮ್ಮ ಕಾಲದಲ್ಲಿ ಈ ಬಟ್ಟಲಿಗೆ ಬೀಜ ಬಿಟ್ಟವರು. ಮುಷ್ಟಿಯಲ್ಲಿ ಜೋಳ ಕೊಟ್ಟು, ಬಿಟ್ಟು ತೋರಿಸು ಅನ್ನು. ಎತ್ತಿನ ನಡಿಗೆಗೆ ಸರಿಯಾಗಿ ಕೈ ತಿರುಗಿಸುತ್ತ, ಎಲ್ಲ ತೂತಿಗೂ ಸಮನಾಗಿ ಬೀಜ ಹೋಗುವಂತೆ ಬಿಡುವುದು ಸಣ್ಣ ಕೆಲಸವಲ್ಲ. ಒಂದು ತೂತಿಗೆ ಕಡಿಮೆಯಾದರೆ ಹೊಲದ ಉದ್ದಕ್ಕೂ ಒಂದು ಸಾಲು ಖಾಲಿ ಏಳುತ್ತದೆ, ಮತ್ತು ಅದು ಯಾರ ಕೈ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಆಯಿಯ ಮುಷ್ಟಿಯನ್ನು ಬರೆ: ಹೆಬ್ಬೆರಳು ಎಲ್ಲಿ ಒತ್ತುತ್ತದೆ, ಕಿರುಬೆರಳ ಕಡೆಯಿಂದ ಕಾಳು ಹೇಗೆ ಜಾರುತ್ತದೆ. ಕೊಳವೆಯಲ್ಲಿ ಕಾಳು ಇಳಿಯುವ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೋ.

ಆಮೇಲೆ ಬಡಿಗೇರ ಕಾಕಾನ ಹತ್ತಿರ ಹೋಗು. ಜಾಲಿ ಮರವೇ ಯಾಕೆ, ದಿಂಡಿಗೆ ತಾಳು ಕೂಡಿಸುವ ತೂತು ಯಾಕೆ ಚೌಕ, ಬೆಣೆ ಯಾವ ಕಡೆಯಿಂದ ಬಡಿಯುತ್ತಾರೆ, ಆಳಕ್ಕೆ ಬಿತ್ತಬೇಕಾದರೆ ಏನನ್ನು ಸರಿಸುತ್ತಾರೆ, ಇವನ್ನೆಲ್ಲ ಕೇಳು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೋ. ಕಾಲೇಜಿನ ಭಾಷೆಗೆ ತಿದ್ದಲು ಹೋಗಬೇಡ.

ಇಷ್ಟಾದ ಮೇಲೆ ಕಳಚುವ ಕೆಲಸ. ಕೂರಿಗಿಯಿಂದ ನೊಗಕ್ಕೆ ಕಟ್ಟುವ ಈಸು ತೆಗೆ. ಕೈಯಲ್ಲಿ ಹಿಡಿಯುವ ಮೇಳಿ ತೆಗೆ. ಹಗ್ಗ, ನೊಗ, ಎತ್ತು ಎಲ್ಲ ಹೋಗಲಿ. ಏನು ಉಳಿಯಿತು? ನನ್ನ ಕಣ್ಣಿಗೆ ಕಾಣುವುದು ಇದು: ಮೇಲೆ ಒಂದು ಮುಷ್ಟಿ, ಕೆಳಗೆ ನಾಲ್ಕು ಸಾಲು, ನಡುವೆ ಪೊಳ್ಳು ದಾರಿ. ಆ ಪೊಳ್ಳನ್ನು ನೀನು ತೆಗೆಯುವಂತಿಲ್ಲ. ಕೊಳವೆಯ ಬದಲು ಗಟ್ಟಿ ಕಂಬಿ ಹಾಕಿದರೆ ಅದು ಕುರ್ಚಿಯ ಕಾಲಾಗುತ್ತದೆ, ಕೂರಿಗಿಯ ಜೀವ ಹೋಗುತ್ತದೆ. ತಾಳಿನ ಬಾಗುವಿಕೆಯನ್ನೂ ಬಿಡುವ ಹಾಗಿಲ್ಲ, ಅದು ಹೋದರೆ ನಡಿಗೆ ಹೋಯಿತು. ಸಂಖ್ಯೆಯ ವಿಷಯ ನನಗೆ ಅಷ್ಟು ಖಾತ್ರಿಯಿಲ್ಲ. ನಾಲ್ಕೇ ಇರಬೇಕೋ, ಮೂರು ಸಾಕೋ, ಏಳು ಮಾಡಿದರೆ ಏನಾಗುತ್ತದೋ ಮಾಡಿಯೇ ನೋಡಬೇಕು. ನಿನಗೆ ಬೇರೆಯದೇ ಕಂಡರೆ ನನ್ನದನ್ನು ಬಿಟ್ಟು ಅದರ ಹಿಂದೆ ಹೋಗು. ಆದರೆ ಅಳೆಯುವ ಮೊದಲೇ ಕಂಡದ್ದನ್ನು ನಂಬಬೇಡ.

ಈ ಪೊಳ್ಳಿನ ಮಾತು ಬಂದಾಗ ನನಗೆ ಖಿದ್ರಾಪುರ ನೆನಪಾಗದೆ ಇರುವುದಿಲ್ಲ. ಅಲ್ಲಿಗೆ ಹೋಗಿಯೇ ಬಾ. ಕಾಗವಾಡ ತಾಲ್ಲೂಕಿನ ಜುಗುಳದ ಎದುರು ದಂಡೆಗಿದೆ, ನಮ್ಮದೇ ಕೃಷ್ಣೆಯ ಮೇಲೆ, ಜಿಲ್ಲೆ ಕೊಲ್ಲಾಪುರ. ಕೋಪೇಶ್ವರನ ಗುಡಿ, 12ನೆಯ ಶತಮಾನದ್ದು, ಶಿಲಾಹಾರರ ಕಾಲದ್ದು. ಅಲ್ಲಿನ ಶಾಸನಗಳಲ್ಲಿ ಹಳಗನ್ನಡದವೇ ಹೆಚ್ಚು. ಬಂದವರೆಲ್ಲ ಹೊರಗೋಡೆಯ ಮೂರ್ತಿಗಳ, ಗುಡಿಯ ಭಾರ ಹೊತ್ತ ಆನೆಗಳ ಸಾಲಿನ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅವು ಫೋಟೊ ತೆಗೆಯುವಂಥವೇ, ಇಲ್ಲವೆನ್ನುವುದಿಲ್ಲ. ನೀನು ಮಾತ್ರ ಮುಂದಿನ ಸ್ವರ್ಗಮಂಟಪದಲ್ಲಿ ಕೂತುಬಿಡು. ಅದಕ್ಕೆ ನಡುಚಾವಣಿ ಇಲ್ಲ. ಸುಮಾರು 13 ಅಡಿ ಅಗಲದ ದುಂಡನೆಯ ಬಾಯಿ ಆಕಾಶಕ್ಕೆ ತೆರೆದಿದೆ, ಸುತ್ತ 12 ಕಂಬ, ಕೆಳಗೆ ನೆಲದಲ್ಲಿ ಆ ಬಾಯಿಗೆ ಸರಿಸಮನಾದ ದುಂಡು ಹಾಸುಗಲ್ಲು. ಕಟ್ಟುವಾಗ ಕಲ್ಲು ಸಾಲದೆ ಬಿಟ್ಟದ್ದಲ್ಲ ಅದು. ಮೇಲಿನ ಬಯಲಿಗೂ ಕೆಳಗಿನ ಹಾಸಿಗೂ ಅಳತೆ ಕೂಡಿಸಿದ್ದಾರಲ್ಲ, ಅಲ್ಲಿ ಶಿಲ್ಪಿ ಬಯಲನ್ನೇ ಕಲ್ಲಿನ ಹಾಗೆ ಕೈಗೆತ್ತಿಕೊಂಡಿದ್ದಾನೆ. ಇಂಗ್ಲೆಂಡಿನ ಬಾರ್ಬರಾ ಹೆಪ್‌ವರ್ತ್ 1930ರ ದಶಕದ ಮೊದಲಲ್ಲಿ ಕಲ್ಲಿಗೆ ಆರಪಾರ ತೂತು ಕೊರೆದದ್ದನ್ನು ಆಧುನಿಕ ಶಿಲ್ಪದ ದೊಡ್ಡ ತಿರುವೆಂದು ನಿಮಗೆ ಪಾಠ ಮಾಡುತ್ತಾರೆ. ಅದು ದೊಡ್ಡದೇ. ಆದರೆ ಪರೀಕ್ಷೆಯಲ್ಲಿ ಅವಳ ಬಗ್ಗೆ ಬರೆಯುವ ನೀನು ಹೊಳಿ ದಂಡೆಯ ಗುಡಿಯ ಈ ಬಾಯಿಯನ್ನು ನೋಡದೇ ಇರಬಾರದು. ಬೆಳಿಗ್ಗೆಯೇ ಹೋಗು. ಬಿಸಿಲಿನ ತುಂಡು ಕಂಬದಿಂದ ಇಳಿದು ಹಾಸುಗಲ್ಲಿನ ಮೇಲೆ ಹೇಗೆ ಸರಿಯುತ್ತದೆಂದು ಗಂಟೆಗೊಮ್ಮೆ ಗುರುತು ಹಾಕಿಕೋ. ಕಂಬಗಳನ್ನೂ ಕೆಳಗಿನಿಂದ ಮೇಲಕ್ಕೆ ಓದು: ಚೌಕ ಎಲ್ಲಿ ಎಂಟು ಮೂಲೆಯಾಯಿತು, ಎಂಟು ಮೂಲೆ ಎಲ್ಲಿ ದುಂಡಾಯಿತು, ಆ ದಾಟುವ ಜಾಗದಲ್ಲಿ ಉಳಿ ಏನು ಮಾಡಿದೆ. ಒಂದೇ ಒಂದು ಮೂರ್ತಿಯಿಲ್ಲದ ಕಂಬದ ಭಾಗವನ್ನು ಆರಿಸಿಕೊಂಡು ಬರೆ. ಅಳತೆಯನ್ನು ಕಣ್ಣಿನಿಂದ, ಪೆನ್ಸಿಲಿನಿಂದ ತಗೋ. ಸಂರಕ್ಷಿತ ಸ್ಮಾರಕ ಅದು, ಮಣ್ಣು ಒತ್ತಿ ಅಚ್ಚು ತೆಗೆಯುವ ಆಸೆ ಬೇಡ.

  

ಅಥಣಿಯಲ್ಲಿ ಬಸ್ಸು ಬದಲಿಸುವಾಗ ಕೊಲ್ಲಾಪುರಿ ಚಪ್ಪಲಿ ಮಾಡುವವರ ಮನೆಗೂ ಹೋಗಿ ಕೂಡು. ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ನಮ್ಮ ನಾಲ್ಕು ಜಿಲ್ಲೆಗಳಿಗೆ ಪಾಲು ಬಂತು. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲು. ಹಳೆಯ ಪದ್ಧತಿಯ ಜೋಡಿಯಲ್ಲಿ ಮೊಳೆ ಹೊಡೆಯುವುದಿಲ್ಲ, ತೊಗಲನ್ನು ತೊಗಲಿನಿಂದಲೇ ಹೊಲಿದು ಕೂಡಿಸುತ್ತಾರೆ. ನಿನಗೆ ಬೇಕಾದದ್ದು ಆ ಕೂಡಿಸುವ ಜಾಗ. ಬಟ್ಟಲಿಗೆ ಕೊಳವೆ ಸೇರುವಲ್ಲಿ ನೀನು ಏನು ಮಾಡುತ್ತೀ? ವೆಲ್ಡಿಂಗ್ ಮಾಡಿ, ಗ್ರೈಂಡರ್ ಹಚ್ಚಿ, ಪುಟ್ಟಿ ತುಂಬಿ ಮುಚ್ಚುತ್ತೀಯೋ, ಇಲ್ಲಾ ಸಂದು ಕಾಣುವಂತೆ ಬಿಡುತ್ತೀಯೋ? ಎರಡೂ ನಡೆಯುತ್ತವೆ, ಆದರೆ ಯಾವುದನ್ನಾದರೂ ತಿಳಿದೇ ಮಾಡಬೇಕು. ವಿದ್ಯಾರ್ಥಿಗಳ ಶಿಲ್ಪ ಹೆಚ್ಚಾಗಿ ಸೋಲುವುದು ಸಂದಿನಲ್ಲಿ.

ಅಧ್ಯಯನದ ವಿಷಯದಲ್ಲಿ ನಮ್ಮವರೇ ಆದ ಒಬ್ಬರ ಹೆಸರು ಹೇಳಿ ಮುಂದೆ ಹೋಗುತ್ತೇನೆ. ಬೆಂಗಳೂರಿನಲ್ಲಿ ನೆಲೆಸಿದ ಬಾಲನ್ ನಂಬಿಯಾರ್. ಹುಟ್ಟಿದ್ದು 1937ರಲ್ಲಿ, ಕಣ್ಣೂರಿನ ಹತ್ತಿರದ ಕಣ್ಣಪುರಂನಲ್ಲಿ. ಸ್ಟೇನ್‌ಲೆಸ್ ಸ್ಟೀಲಿನ ಅವರ ಶಿಲ್ಪಗಳನ್ನು ನೋಡಿದರೆ ರೇಖಾಗಣಿತವೇ ಎದುರು ನಿಂತ ಹಾಗಿರುತ್ತದೆ. ಅದರ ಹಿಂದೆ ತೆಯ್ಯಂ, ಭೂತಾರಾಧನೆ ನಡೆಯುವ ಊರೂರು ತಿರುಗಿ ದಶಕಗಳ ಕಾಲ ಮಾಡಿದ ದಾಖಲಾತಿ ಇದೆ. ಆ ಆಚರಣೆಗಳ ವಿದ್ವಾಂಸರೆಂದೇ ಅವರಿಗೆ ಹೆಸರು. ಶಿಲ್ಪದಲ್ಲಿ ತೆಯ್ಯಂನ ಮುಖ ಕಾಣದೇ ಇರಬಹುದು, ನೋಡಿದ್ದು ಎಲ್ಲೂ ವ್ಯರ್ಥವಾಗಿಲ್ಲ.

ಇನ್ನು ಮಾದರಿಗಳು. ಕಾಗದದ ಮೇಲೆ ಸ್ಕೆಚ್ಚು ಎಷ್ಟೇ ಚೆನ್ನಾಗಿ ಬಂದರೂ ಅದಕ್ಕೆ ಬೆನ್ನಿಲ್ಲ. ಹೆನ್ರಿ ಮೂರ್ ತನ್ನ ಕಾರ್ಯಾಗಾರದಲ್ಲಿ ಎಲುಬು, ಬೆಣಚುಕಲ್ಲು, ಕಪ್ಪೆಚಿಪ್ಪು ರಾಶಿ ಹಾಕಿಕೊಂಡು, ಅಂಗೈಯಲ್ಲಿ ಹಿಡಿದು ತಿರುಗಿಸಿ ನೋಡುವಷ್ಟು ಸಣ್ಣ ಪ್ಲಾಸ್ಟರ್ ಮಾದರಿಗಳನ್ನು ಮಾಡುತ್ತಿದ್ದ. ಆಮೇಲೆ ಅವೇ ಆಳೆತ್ತರ ದಾಟಿ ಬೆಳೆಯುತ್ತಿದ್ದವು. ನೀನೂ ಅಂಗೈ ಅಳತೆಯವನ್ನೇ ಬಹಳ ಮಾಡು. ಜೇಡಿ ಮಣ್ಣು ಸಾಕು. ನಮ್ಮ ಎರಿ ಮಣ್ಣು ಬೇಡ, ಒಣಗುತ್ತಲೇ ಬಿರಿಯುತ್ತದೆ. ಕೊಳವೆಗೆ ಪಪ್ಪಾಯಿ ಎಲೆಯ ದಂಟು, ಕಾಗದದ ಸುರುಳಿ, ಏನು ಸಿಕ್ಕರೂ ಆದೀತು. ಬೇಡವಾದ ಮಾದರಿಯನ್ನು ಮುರಿಯುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಯಾಕೆ ಬೇಡವಾಯಿತೆಂದು ಒಂದು ಸಾಲು ಬರೆ. ‘ಚೆನ್ನಾಗಿ ಕಾಣಲಿಲ್ಲ’ ಎಂದು ಬರೆಯಬೇಡ. ‘ಎಡಗಡೆಯ ಕೊಳವೆ ಭಾರ ಹೊತ್ತ ಹಾಗೆ ಕಾಣುತ್ತದೆ, ಬೀಜ ಇಳಿದ ಹಾಗೆ ಕಾಣುವುದಿಲ್ಲ’ ಎಂದು ಬರೆದರೆ ಮುಂದಿನ ಮಾದರಿಗೆ ದಾರಿ ಸಿಗುತ್ತದೆ. ನಿನ್ನ ನೋಟ್‌ಬುಕ್ಕಿನಲ್ಲಿ ನಾನು ಮೊದಲು ಓದುವುದು ಇಂಥ ಸಾಲುಗಳನ್ನೇ.

ಎಲ್ಲರೂ ಹೀಗೇ ಕೆಲಸ ಮಾಡುತ್ತಾರೆಂದಲ್ಲ. ಬರೋಡದಲ್ಲಿ ಕೆ.ಜಿ. ಸುಬ್ರಹ್ಮಣ್ಯನ್ ಅವರ ಹತ್ತಿರ ಕಲಿತ ಮೃಣಾಲಿನಿ ಮುಖರ್ಜಿ ಸೆಣಬಿನ ಹಗ್ಗವನ್ನು ಗಂಟು ಹಾಕುತ್ತ ಹಾಕುತ್ತ ಆಳೆತ್ತರದ ಶಿಲ್ಪಗಳನ್ನು ಕಟ್ಟಿದರು, ಮೊದಲೇ ನಕ್ಷೆ ಬರೆದಿಡದೆ. ನಿನಗೂ ಕೈಯೇ ಮುಂದೆ ಹೋಗುವ ದಿನ ಬಂದರೆ ತಡೆಯಬೇಡ. ಹಾಗೆ ಹೋದ ಕೈ ಎಷ್ಟು ಸಾವಿರ ಗಂಟು ಹಾಕಿತ್ತು ಎಂಬುದನ್ನೂ ಮರೆಯಬೇಡ.

ಲೆಕ್ಕ ತಪ್ಪಿಸಬೇಡ, ಮಗಳೇ. ಒಂದು ಅಡಿ ಎತ್ತರದ ಮಾದರಿಯನ್ನು ಎಂಟು ಅಡಿ ಮಾಡಿದರೆ ಅದರ ಮೈಯ ಹರವು 64 ಪಟ್ಟು, ತೂಕ 512 ಪಟ್ಟು. ಕೈಯಲ್ಲಿ ಒಂದು ಕೆ.ಜಿ. ಇದ್ದದ್ದು ಗಟ್ಟಿಯಾಗಿಯೇ ಬೆಳೆದರೆ ಅರ್ಧ ಟನ್ ದಾಟಿತು. ನಮ್ಮ ಕರಿಕಲ್ಲು ಒಂದು ಘನ ಅಡಿಗೆ ಸುಮಾರು 80 ಕೆ.ಜಿ. ತೂಗುತ್ತದೆ, ಉಳಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಐದು ಮಿ.ಮೀ. ದಪ್ಪದ ಕಬ್ಬಿಣದ ಹಾಳೆ ಚದರ ಮೀಟರಿಗೆ ಸುಮಾರು 39 ಕೆ.ಜಿ. ನಿನ್ನ ಶಿಲ್ಪ ಮುಂದಕ್ಕೆ ಬಾಗಿ ನಿಲ್ಲಬೇಕೆಂದರೆ ಭಾರದ ನಡುಬಿಂದು ಎಲ್ಲಿ ಬೀಳುತ್ತದೆಂದು ಮಾದರಿಗೆ ತೂಗುಗುಂಡು ಕಟ್ಟಿ ನೋಡು. ಅದು ಪಾದದ ಹೊರಗೆ ಬಿದ್ದರೆ ಶಿಲ್ಪ ಮಕ್ಕಳ ಮೇಲೆ ಬೀಳುತ್ತದೆ. ಬಣ್ಣ, ಅರ್ಥ ಎಲ್ಲ ಆಮೇಲಿನ ಮಾತು.

ಹಾಗೆಂದು ದುಬಾರಿ ಸಾಮಾನಿಗೆ ಅಪ್ಪನ ಕೈ ಕಾಯಬೇಡ. ರಾಮ್‌ಕಿಂಕರ್ ಬೈಜ್ 1938ರಲ್ಲಿ ಶಾಂತಿನಿಕೇತನದ ಬಯಲಿನಲ್ಲಿ ‘ಸಂಥಾಲ ಕುಟುಂಬ’ ಕಟ್ಟಿದ್ದು ಅಲ್ಲಿನ ಕೆಂಪು ಮುರಕಲ್ಲಿನ ಹರಳು, ಸಿಮೆಂಟಿನಿಂದ. ಇವತ್ತಿಗೂ ಅದರ ಒರಟು ಮೈಯಲ್ಲೇ ಅದರ ಬಲವಿದೆ. ನಮ್ಮ ಕಡೆ ಕಬ್ಬಿನ ಟ್ರಾಲಿ ಕಟ್ಟುವ ವೆಲ್ಡಿಂಗ್ ಅಂಗಡಿಗಳಿವೆ. ಪೈಪು ಬಗ್ಗಿಸುವುದು, ಕೂಡಿಸುವುದು, ಟನ್‌ಗಟ್ಟಲೆ ಭಾರಕ್ಕೆ ಎಲ್ಲಿ ಆಧಾರ ಕೊಡಬೇಕೆನ್ನುವುದು ಅವರಿಗೆ ಕರತಲಾಮಲಕ. ಅವರ ಹತ್ತಿರ ಕೂತು ಕಲಿ. ಗುಜರಿ ಪೈಪು ಅಲ್ಲೇ ಸಿಗುತ್ತದೆ. ಬಯಲಲ್ಲಿ ನಿಲ್ಲಿಸುವ ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಬಳಿಯುತ್ತೀಯೋ, ತುಕ್ಕನ್ನೇ ಬಣ್ಣವಾಗಿ ಇಟ್ಟುಕೊಳ್ಳುತ್ತೀಯೋ ಮೊದಲೇ ನಿಶ್ಚಯಿಸು. ಪೊಳ್ಳು ಪೈಪಿನೊಳಗೆ ಮಳೆನೀರು ನಿಲ್ಲದಂತೆ ಕೆಳಗೆ ತೂತು ಬಿಡುವುದನ್ನು ಮರೆಯಬೇಡ. ಕೂರಿಗಿಗೆ ಆ ತೂತು ಮೊದಲೇ ಇದೆಯಲ್ಲ.

ಮುಗಿದ ಮೇಲೆ ಎಲ್ಲರೂ ಕೇಳುವುದು ಒಂದೇ: ಇದೇನು? ಬ್ರಾಂಕುಸಿಯ ಹಕ್ಕಿ 1926ರಲ್ಲಿ ನ್ಯೂಯಾರ್ಕ್ ಬಂದರಿಗೆ ಹೋದಾಗ ಕಸ್ಟಮ್ಸ್‌ನವರಿಗೂ ಇದೇ ಪ್ರಶ್ನೆ ಎದ್ದಿತು. ಕಲಾಕೃತಿಗೆ ಸುಂಕವಿಲ್ಲ, ಇದು ಕಲಾಕೃತಿಯಲ್ಲ, ಅಡುಗೆಮನೆ, ಆಸ್ಪತ್ರೆಯ ಸಾಮಾನಿನ ಪೈಕಿ ಎಂದು ಶೇ 40 ಸುಂಕ ಹಾಕಿದರು. ಕೋರ್ಟಿಗೆ ಹೋಯಿತು, 1928ರಲ್ಲಿ ತೀರ್ಪು ಶಿಲ್ಪಿಯ ಕಡೆಗೆ ಬಂತು. ನಿನ್ನನ್ನು ಯಾರೂ ಕೋರ್ಟಿಗೆ ಎಳೆಯುವುದಿಲ್ಲ, ಆದರೆ ಪ್ರಶ್ನೆಗೆ ಸಿಟ್ಟಾಗಬೇಡ, ದೊಡ್ಡ ದೊಡ್ಡ ಮಾತು ಹೇಳಿ ಬಾಯಿ ಮುಚ್ಚಿಸಲೂ ಬೇಡ. ‘ಕೂರಿಗಿಯಿಂದ ಹುಟ್ಟಿದ್ದು’ ಎಂದು ನೇರ ಹೇಳು. ಕೂರಿಗಿಯನ್ನೇ ನೋಡದವರು ಬಂದಾಗ ಅವರಿಗೂ ಏನಾದರೂ ಸಿಗಬೇಕಲ್ಲ, ಅದಕ್ಕಾಗಿ ಮಾದರಿಯನ್ನು ಮೊದಲು ಇಬ್ಬರಿಗೆ ತೋರಿಸು: ನಿಮ್ಮ ಆಯಿಗೆ, ಮತ್ತು ಹೊಲ ಕಾಣದ ನಿನ್ನ ತರಗತಿಯ ಗೆಳತಿಗೆ. ಬಾಯಲ್ಲಿ ಏನು ಹೇಳುತ್ತಾರೆಂಬುದಕ್ಕಿಂತ ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡು. ಇಬ್ಬರ ಕೈಯೂ ಆ ತೂತಿನ ಹತ್ತಿರ ಹೋದರೆ ಕೆಲಸ ಸರಿಯಾದ ದಾರಿಯಲ್ಲಿದೆ.

ಅಪ್ಪನ ವಿಷಯ ಬರೆದಿದ್ದೀಯ. 2024ರ ಜನವರಿಯಲ್ಲಿ ಅಯೋಧ್ಯೆಯಲ್ಲಿ ಮೈಸೂರಿನ ಅರುಣ್ ಯೋಗಿರಾಜರ 51 ಇಂಚಿನ ಬಾಲರಾಮ ಪ್ರತಿಷ್ಠೆಯಾದಾಗಿನಿಂದ ‘ನೀನೂ ಅಂಥ ಮೂರ್ತಿ ಕೆತ್ತು’ ಅನ್ನುತ್ತಾರಂತೆ. ಅದರಲ್ಲಿ ತಪ್ಪೇನಿದೆ? ಮಗಳು ದೊಡ್ಡ ಹೆಸರು ಮಾಡಲಿ ಎಂಬ ಆಸೆ ಅದು. ಮೂರ್ತಿಶಿಲ್ಪವನ್ನು ಕೀಳೆಂದು ಮಾತಾಡಬೇಡ. ತಾಲಮಾನದ ಅಳತೆಯನ್ನು ಶ್ರದ್ಧೆಯಿಂದ ಕಲಿ, ಮುಖ, ಕೈ, ಪಾದ ಕೆತ್ತಲು ಕಲಿ. ಮುಷ್ಟಿಯನ್ನು ಮುಷ್ಟಿಯ ಹಾಗೆ ಕೆತ್ತಲು ಬಾರದವರು ಮುಷ್ಟಿಯನ್ನು ಬಟ್ಟಲಿಗೆ ಇಳಿಸಿದರೆ ನಾನಂತೂ ನಂಬುವುದಿಲ್ಲ. ಕೂರಿಗಿ ಇಳಿಸುವಾಗ ಅಪ್ಪನನ್ನೇ ಜೊತೆಗೆ ಕರಿ. ಅದನ್ನು ಹೂಡಿದವರು ಅವರು, ನಿನಗಿಂತ ಹೆಚ್ಚು ಅವರಿಗೆ ಗೊತ್ತು.

ಎಳ್ಳ ಅಮಾಸಿಗೆ ಹೇಗೂ ಚರಗ ಚೆಲ್ಲಲು ಬರುತ್ತೀ. ಎರಡು ದಿನ ಮೊದಲೇ ಬಂದರೆ ಖಿದ್ರಾಪುರ, ಅಥಣಿ ಎರಡೂ ಆಗುತ್ತವೆ. ಬರುವ ಮುಂಚೆ ಶಿಲ್ಪ ನಿಲ್ಲಿಸುವ ಜಾಗವನ್ನು ನಿಮ್ಮ ಸರ್ ಹತ್ತಿರ ಕೇಳಿ ಉದ್ದಗಲ ಬರೆದುಕೋ. ಜನ ಯಾವ ಕಡೆಯಿಂದ ನಡೆದು ಬರುತ್ತಾರೆ, ಸಂಜೆಯ ಬಿಸಿಲು ಎಲ್ಲಿಂದ ಬೀಳುತ್ತದೆ ಎನ್ನುವುದನ್ನೂ ಗುರುತು ಹಾಕಿಕೊಂಡು ಬಾ. ಸ್ಟೀಲ್ ಟೇಪು, ಕೋನಮಾಪಕ ನನ್ನ ಹತ್ತಿರ ಇವೆ. ಬಡಿಗೇರರಿಗೂ, ಟ್ರಾಲಿ ಅಂಗಡಿಯವರಿಗೂ ನಾನು ಈ ವಾರವೇ ಹೇಳಿ ಇಡುತ್ತೇನೆ.